ಮಾಸ್ತರರ ಕರಿ ಎರಡು

ಅವರ ಎರಡೂ ಕಿವಿಗಳಲ್ಲಿ ಹತ್ತಿಯ ಉಂಡೆಗಳಿರುತ್ತಿದ್ದವು. ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಹಿಂಡಿದ, ಹಳದಿಗಟ್ಟಿದ ಉಂಡೆಗಳು. ಎಣ್ಣೆ ಇಳಿದು ಇಳಿದು ಕಿವಿಯ ಹಾಲೆಗಳು ಸದಾ ಮಿರಮಿರ ಮಿಂಚುತ್ತಿದ್ದವು. ಇಚಲಕರಂಜಿಯ ಮಗ್ಗದ ಕಾರಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಜಾಬರ್ ಆಗಿದ್ದವರು ಅವರು. ಕೆಟ್ಟು ನಿಂತ ಮಗ್ಗಗಳನ್ನು ಬಿಚ್ಚಿ, ಜೋಡಿಸಿ, ಮತ್ತೆ ಓಡಿಸುವ ಕೆಲಸ. ಆ ಸದ್ದಿನಲ್ಲಿ ದುಡಿದವರು ನಲವತ್ತು ದಾಟುವ ಹೊತ್ತಿಗೆ ಹೊಳೆಯ ಆಚೆ ದಂಡೆಯವರನ್ನು ಕರೆಯುವ ಹಾಗೆ ಮಾತಾಡತೊಡಗುತ್ತಾರೆ. ಮಾಸ್ತರರು ಮಾತ್ರ ಮೆಲ್ಲಗೆ ಮಾತಾಡುತ್ತಿದ್ದರು. ಬಯ್ಯುವಾಗಲೂ ಮೆಲ್ಲಗೆ ಬಯ್ಯುತ್ತಿದ್ದರು. ಅದಕ್ಕೇ ಅವರ ಬೈಗುಳ ಹೆಚ್ಚು ನಾಟುತ್ತಿತ್ತು.

ಶನಿವಾರ ಸಂಜೆ ನಮ್ಮ ಭಜನಿ ಮಂಡಳಿಗೆ ಬಂದಾಗಷ್ಟೇ ಆ ಹತ್ತಿ ಹೊರಗೆ ಬರುತ್ತಿತ್ತು. ಕಿರುಬೆರಳಿನಿಂದ ಒಂದೊಂದೇ ಉಂಡೆಯನ್ನು ತೆಗೆದು, ಸುಣ್ಣದ ಡಬ್ಬಿಯಲ್ಲಿಟ್ಟು, ಮುಚ್ಚಳ ಒತ್ತಿ, ಆಮೇಲೆ ಪೇಟಿಯ ಮುಂದೆ ಕೂರುತ್ತಿದ್ದರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತೇವೆ. ಅದರ ಮನೆಗಳಿಗೆ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಗಳಿಗೆ, ನಮ್ಮಲ್ಲಿ ಸರಳ ಲೆಕ್ಕ: ಬಿಳಿ ಒಂದು, ಬಿಳಿ ಎರಡು, ಕರಿ ಒಂದು, ಕರಿ ಎರಡು. ನಮ್ಮ ಮಂಡಳಿ ಹಾಡುತ್ತಿದ್ದುದು ಕರಿ ಎರಡರಲ್ಲಿ. ಬೇರೆ ಮಂಡಳಿಗಳಲ್ಲಿ ಮೊದಲು ಪೇಟಿ ಒತ್ತುತ್ತಾರೆ, ಅದನ್ನು ಕೇಳಿ ಹಾಡುವವನು ದನಿ ಎತ್ತುತ್ತಾನೆ. ಮಾಸ್ತರರದು ಉಲ್ಟಾ. ಪೇಟಿಗೆ ಕೈ ಮುಗಿದು, ಕಣ್ಣು ಮುಚ್ಚಿ, ಬರಿಗಂಟಲಿನಿಂದ ಒಂದು ಉದ್ದನೆಯ ಆಲಾಪ ತೆಗೆಯುತ್ತಿದ್ದರು. ಅದು ಮುಗಿಯುವ ಮೊದಲೇ ಬೆರಳು ಕರಿ ಎರಡರ ಮೇಲೆ ಬೀಳುತ್ತಿತ್ತು. ಗಂಟಲು, ಪೇಟಿ ಎರಡೂ ಒಂದೇ. ಕೂದಲೆಳೆಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ. ಹನ್ನೊಂದು ವರ್ಷ ನೋಡಿದ್ದೇನೆ, ಒಂದು ಶನಿವಾರವೂ ತಪ್ಪಲಿಲ್ಲ.

"ಪೇಟಿ ಕೇಳಿ ಹಾಡಾಂವ ನಾ ಅಲ್ಲ. ಪೇಟಿ ನನ್ನ ಕೇಳಬೇಕು" ಅನ್ನುತ್ತಿದ್ದರು. ಜಂಬವೇ. ಆದರೆ ಆ ಜಂಬವನ್ನು ಬಿಟ್ಟರೆ ಅವರ ಹತ್ತಿರ ಬೇರೆ ಏನೂ ಇರಲಿಲ್ಲ. ಬಾಡಿಗೆಯ ಎರಡು ಕೋಣೆ, ಮಕ್ಕಳಿಲ್ಲದ ಹೆಂಡತಿ, ಹಳೆಯ ಪೇಟಿ, ಈ ಕಿವಿ.

ನಾನು ನಮ್ಮೂರು ನೂಲದಿಂದ ಇಚಲಕರಂಜಿಗೆ ಬಂದಾಗ ನನಗೆ ನೆಟ್ಟಗೆ ಮರಾಠಿ ಬರುತ್ತಿರಲಿಲ್ಲ. ಮಗ್ಗದ ಬಿಡಿಭಾಗ ಮಾಡುವ ಲೇಥ್ ಅಂಗಡಿಯಲ್ಲಿ ನನ್ನನ್ನು ಕೆಲಸಕ್ಕೆ ನಿಲ್ಲಿಸಿದವರು ಅವರು. ಪೇಟಿ ಕಲಿಸಿದವರೂ ಅವರೇ. ಲೇಥಿನ ಸದ್ದು ಕೇಳಿಯೇ ಕಬ್ಬಿಣ ಎಲ್ಲಿ ಕಚ್ಚುತ್ತಿದೆ ಎಂದು ಹೇಳುವುದನ್ನು ಕಲಿಸಿದರು. ಅದರಿಂದ ಇಂದಿಗೂ ಅನ್ನ ತಿನ್ನುತ್ತಿದ್ದೇನೆ. ಬದಲಿಗೆ ಅವರು ತೆಗೆದುಕೊಂಡದ್ದು ನನ್ನ ಮಾನ. "ನಿನ್ನ ಕೊಳ್ಳಾಗ ಮಗ್ಗದ ಶಟಲ್ ಸಿಕ್ಕೊಂಡೈತೇನಲೇ?" ಎಂದು ಎಲ್ಲರ ಮುಂದೆ ಕೇಳುವರು. ಬೆರಳು ತಪ್ಪಿದರೆ ಬೆರಳಿನ ಗೆಣ್ಣಿನ ಮೇಲೆ ಟಾಳದ, ಅಂದರೆ ಭಜನೆಯ ಕಂಚಿನ ತಾಳದ, ಅಂಚಿನಿಂದ ಟಕ್ಕೆಂದು ಹೊಡೆಯುವರು. ಮೂವತ್ತೈದು ವರ್ಷದ ಗಂಡಸಿಗೆ, ಹೆಂಡತಿ ಮಕ್ಕಳಿರುವವನಿಗೆ.

ಅದನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾಗದೆ ಉಳಿದದ್ದು ಗಡಹಿಂಗ್ಲಜದ ಭಜನೆ ಸ್ಪರ್ಧೆಯ ದಿನ. ಅಂದು ಒಂದು ಹಾಡಿಗೆ ಪೇಟಿ ನನಗೆ ಕೊಟ್ಟಿದ್ದರು. ನಡುವೆ ನನ್ನ ಬೆರಳು ಜಾರಿತು, ಮತ್ತೆ ಜಾರಿತು. ಮಾಸ್ತರರು ಬಗ್ಗಿ ನನ್ನ ಮಣಿಕಟ್ಟು ಹಿಡಿದು, ಕೈಯನ್ನು ಪೇಟಿಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟರು. "ಇಂವಗ ಟಾಳ ಕೊಡ್ರಿ" ಅಂದರು. ಮೆಲ್ಲಗೇ ಅಂದರು, ಆದರೆ ಮೈಕು ಹಿಡಿಯಿತು. ಸಭೆ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಮಗಳೂ ನಕ್ಕಳು. ಅವರು ಮಾಡಿದ್ದು ಸರಿಯಾಗಿಯೇ ಇತ್ತು, ನಾನು ಹಾಡು ಕೆಡಿಸುತ್ತಿದ್ದೆ. ಆದರೆ ಮಗಳ ಆ ನಗೆ ಎದೆಯೊಳಗೆ ಮುರಿದ ಮುಳ್ಳಿನ ಹಾಗೆ ಉಳಿಯಿತು.

ಅದಾದ ಮೇಲಿನ ದೀಪಾವಳಿಗೆ ಮಗ್ಗಗಳು ನಾಲ್ಕು ದಿನ ನಿಂತವು. ನಮ್ಮ ಢೋಲಕಿಯವನ ಹತ್ತಿರ ಬಾಡಿಗೆಗೆ ಓಡಿಸುವ ಜೀಪು ಇತ್ತು. ಮಂಡಳಿಯ ಐದು ಜನ ಸೇರಿ ಕೊಂಕಣದ ಸಮುದ್ರದಂಡೆಗೆ ಹೋಗುವುದೆಂದಾಯಿತು. ಆಜರಾ ದಾಟಿ, ಆಂಬೋಲಿ ಘಾಟ ಇಳಿದು, ತೆಂಗಿನ ತೋಟದೊಳಗಿನ ಒಂದು ರಿಸಾರ್ಟಿಗೆ ಹೋದೆವು. ಗುಡಿಸಲಿನಂತೆ ಕಾಣುವ ಏಸಿ ಕೋಣೆಗಳು, ನೀಲಿ ನೀರಿನ ಈಜುಕೊಳ, ಪಕ್ಕದಲ್ಲಿ ಮಾಡು ಹೊದಿಸಿದ ತೆರೆದ ಕಟ್ಟೆ. ಚಡ್ಡಿ ತೊಟ್ಟು ನೀರಿಗೆ ಜಿಗಿಯುವವರ ನಡುವೆ ಮಾಸ್ತರರು ಧೋತರ, ಗಾಂಧಿ ಟೋಪಿ, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಓಡಾಡಿದರು. ಪೇಟಿ ತಂದಿರಲಿಲ್ಲ. "ಉಪ್ಪಿನ ಗಾಳಿ ಅದರ ಹೊಟ್ಟಿಗೆ ಹೋದ್ರ ಸುರ ಕೆಡತಾವು" ಎಂದು ಮನೆಯಲ್ಲೇ ಹೊದಿಸಿಟ್ಟು ಬಂದಿದ್ದರು.

ಅಲ್ಲಿ ಕೊಲ್ಲಾಪುರದ ಡಾಕ್ಟರೊಬ್ಬ ಸಂಸಾರ ಸಮೇತ ಬಂದಿದ್ದ. ಹಲ್ಲಿನ ಡಾಕ್ಟರ್. ಗಿಟಾರಿನ ಹುಚ್ಚು. ಕಾರಿನಲ್ಲಿ ಗಿಟಾರ್, ಕೀಬೋರ್ಡ್ ಎರಡನ್ನೂ ತುಂಬಿಕೊಂಡು ಬಂದಿದ್ದ. ಎರಡನೆಯ ದಿನ ಮಧ್ಯಾಹ್ನದ ಚಹಾದ ಹೊತ್ತಿಗೆ ಅವನು ಕಟ್ಟೆಯ ಮೇಲೆ ಕುಳಿತು ಬಾರಿಸತೊಡಗಿದ. ನಮ್ಮ ಢೋಲಕಿಯವನು ಜೀಪಿನಿಂದ ಢೋಲಕಿ ತಂದ. ನಾನು ಕೀಬೋರ್ಡಿಗೆ ಕೂತೆ. ನನ್ನ ಮಗಳಿಗೆ ಅಂಥದ್ದೇ ಚಿಕ್ಕದೊಂದನ್ನು ಕೊಡಿಸಿದ್ದೆನಾದ್ದರಿಂದ ಅದರ ಗುಂಡಿಗಳು ನನಗೆ ಗೊತ್ತಿದ್ದವು. ಸಿನಿಮಾ ಹಾಡು, ನಡುವೆ ಅಭಂಗ, ಮತ್ತೆ ಸಿನಿಮಾ ಹಾಡು. ಯಾರೂ ಯಾರಿಗೂ ಹೊಂದುತ್ತಿರಲಿಲ್ಲ, ಆದರೂ ಭಾರಿ ಮಜಾ ಬಂತು. ಒದ್ದೆ ಟವೆಲ್ ಹೊದ್ದವರೆಲ್ಲ ಸುತ್ತ ನೆರೆದು ಚಪ್ಪಾಳೆ ತಟ್ಟಿದರು. ಮಾಸ್ತರರು ದೂರದ ಕುರ್ಚಿಯಲ್ಲಿದ್ದರು.

"ಹೇ ಆಮಚೇ ಗುರುಜಿ" ಎಂದು ಢೋಲಕಿಯವನು ಅವರನ್ನು ತೋರಿಸಿದ. ಡಾಕ್ಟರ್ ಕೈಮುಗಿದು, "ಮಾಸ್ತರ, ಯಾ ನಾ. ತುಮ್ಹೀ ವಾಜವಾ" ಎಂದು ನುಡಿಸಲು ಕರೆದ.

ಅವರು ಬಂದರು. ಹತ್ತಿ ತೆಗೆದು ಡಬ್ಬಿಯಲ್ಲಿಟ್ಟರು. ನಾನು ಎದ್ದು ಜಾಗ ಬಿಟ್ಟು ಪಕ್ಕದಲ್ಲೇ ಕೂತೆ. ಅಷ್ಟರಲ್ಲಿ ಡಾಕ್ಟರಿಗೆ ಫೋನು ಬಂದು ಅವನು ಆಚೆ ಹೋದ. ಮಾಸ್ತರರು ಕೀಬೋರ್ಡಿಗೆ ಕೈ ಮುಗಿದು ಕಣ್ಣು ಮುಚ್ಚಿದರು.

ಆ ಕೀಬೋರ್ಡಿನಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಎಲ್ಲ ಮನೆಗಳ ಸುರವೂ ಒಟ್ಟಿಗೆ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ನಾನು ಎರಡು ಸಲ ಒತ್ತಿದೆ. ಅಂದರೆ ಕರಿ ಎರಡನ್ನು ಮುಟ್ಟಿದರೆ ಎರಡು ಮನೆ ಮೇಲಿನ ಬಿಳಿ ನಾಲ್ಕು ನುಡಿಯಬೇಕು. ನನಗೆ ಬೇಕಾಗಿದ್ದು ಒಂದು ನಗೆ ಮಾತ್ರ. ಗಡಹಿಂಗ್ಲಜದ್ದಕ್ಕೆ ಮುಯ್ಯಿ.

ಮಾಸ್ತರರು ಆಲಾಪ ತೆಗೆದರು. ಸಮುದ್ರದ ಸದ್ದಿನ ಮೇಲೆ ಆ ದನಿ ಎಷ್ಟು ಸ್ವಚ್ಛವಾಗಿ ಎದ್ದಿತೆಂದರೆ ಈಜುಕೊಳದಲ್ಲಿದ್ದವರೂ ತಿರುಗಿ ನೋಡಿದರು. ಬೆರಳು ಬಿತ್ತು. ಕೀಬೋರ್ಡು ಎಲ್ಲೋ ಮೇಲೆ ಕಿರುಚಿತು. ಯಾರೋ ಹೆಂಗಸು ಕಿಸಕ್ಕೆಂದಳು. ಮಾಸ್ತರರು ಕಣ್ಣು ತೆರೆದು ಬೆರಳನ್ನು ನೋಡಿಕೊಂಡರು. ಅದು ಸರಿಯಾದ ಮನೆಯ ಮೇಲೆಯೇ ಇತ್ತು. ಮತ್ತೆ ಕಣ್ಣು ಮುಚ್ಚಿ ಹಾಡಿದರು, ಮತ್ತೆ ಒತ್ತಿದರು. ಮತ್ತೆ ಅದೇ. ಈ ಸಲ ನಾಲ್ಕೈದು ಜನ ನಕ್ಕರು.

ಯಂತ್ರದ ಮೇಲೆ ಅವರಿಗೆ ಸಂಶಯವೇ ಬರಲಿಲ್ಲ. ಆಯುಷ್ಯವೆಲ್ಲ ಪೇಟಿ ಬಿಚ್ಚಿ ಜೋಡಿಸಿದವರು. ಪೇಟಿಯಲ್ಲಿ ಪ್ರತಿ ಮನೆಯ ಕೆಳಗೂ ಅದರದೇ ಹಿತ್ತಾಳೆಯ ಸುರಪಟ್ಟಿ ತಿರುಪು ಹಾಕಿ ಕೂರಿಸಿರುತ್ತದೆ. ಅದು ಎದ್ದು ಪಕ್ಕದ ಮನೆಗೆ ಹೋಗುವುದುಂಟೆ? ಅವರ ಲೆಕ್ಕದಲ್ಲಿ ಮನೆ ಸುಳ್ಳು ಹೇಳುವುದಿಲ್ಲ. ತಪ್ಪಬಹುದಾದದ್ದು ಕಿವಿ ಮಾತ್ರ.

ಅವರು ನನ್ನ ಕಡೆ ತಿರುಗಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನನ್ನು ಏನನ್ನೋ ಕೇಳಿದರು.

"ತಮ್ಮಾ, ನಾ ಎಲ್ಲಿ ಅದೇನಿ?"

ಲೇ ಅನ್ನುತ್ತಿದ್ದವರು ತಮ್ಮಾ ಅಂದರು. ನಾನು ಆಗಲೇ ನಕ್ಕು, ಗುಂಡಿ ತೋರಿಸಿ, ಎರಡು ಬೈಗುಳ ತಿಂದು ಮುಗಿಸಬಹುದಿತ್ತು. ನಾನು ಹೇಳಿದ್ದು ಇಷ್ಟು: "ಎರಡ ಮನಿ ಕೆಳಗ ಅದೀರಿ, ಮಾಸ್ತರ."

ಅವರು ತಲೆಯಾಡಿಸಿ ಎದ್ದರು. ನಾನು ಅವರ ಜಾಗದಲ್ಲಿ ಕೂರುತ್ತ ಗುಂಡಿಯನ್ನು ಮೊದಲಿನಂತೆ ಮಾಡಿದೆ. ಕರಿ ಎರಡು ಒತ್ತಿ, ಅವರದೇ ಆಲಾಪವನ್ನು ಹಾಡಿದೆ. ಸರಿಯಾಗಿ ಕೂತಿತು. ಚಪ್ಪಾಳೆ ಬಿತ್ತು. ಮಾಸ್ತರರು ನಿಂತಲ್ಲೇ ನಿಂತಿದ್ದರು. "ಈಗ ಕರಿ ಎರಡನ ಕೇಳಸಾಕತ್ತೈತಿ. ಆಗ ಯಾಕ ಹಂಗ ಕೇಳಿಸ್ತು?" ಎಂದು ತಮಗೆ ತಾವೇ ಅಂದುಕೊಂಡರು. ಫೋನು ಮುಗಿಸಿ ಬಂದ ಡಾಕ್ಟರನನ್ನು ಹಿಡಿದು ತಮ್ಮ ಕಿವಿಯ ವಿಷಯ ಕೇಳಿದರು. "ಹೋತಂ ಅಸಂ ಮಾಸ್ತರ. ವಯ ಝಾಲಂ, ತ್ಯಾತ ಮಾಗಾಚಾ ಆವಾಜ" ಅಂದ. ವಯಸ್ಸಾಯಿತು, ಮೇಲೆ ಮಗ್ಗದ ಸದ್ದು, ಹೀಗಾಗುವುದೇ ಎಂದು. ಹಲ್ಲಿನ ಡಾಕ್ಟರ್ ಕಿವಿಗೆ ತೀರ್ಪು ಕೊಟ್ಟ, ಮಾಸ್ತರರು ಒಪ್ಪಿಕೊಂಡರು. ಡಾಕ್ಟರ್ ಅಂದರೆ ಡಾಕ್ಟರ್.

ನಾನು ಗುಂಡಿ ಒತ್ತಿದ್ದನ್ನು ಢೋಲಕಿಯವನು ನೋಡಿದ್ದ. ಊಟಕ್ಕೆ ಕೂತಾಗ ಕಿವಿಯ ಹತ್ತಿರ ಬಂದು, "ಮಜಾಕ ಸಾಕು. ಹೇಳಿಬಿಡು" ಅಂದ. ನಾಳೆ ಹೇಳುತ್ತೇನೆ ಅಂದೆ. ನಾಳೆ ಬಂತು. ಮಾಸ್ತರರು ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಜೀಪು ಘಾಟ ಏರಿತು. ಕಿವಿಯಲ್ಲಿ ಹತ್ತಿ. ನಾನು ಹಿಂದಿನಿಂದ ಅವರ ಮಿಂಚುವ ಹಾಲೆಗಳನ್ನು ನೋಡುತ್ತ ಕೂತೆ.

ಮುಂದಿನ ಶನಿವಾರ ಅವರು ಮಂಡಳಿಗೆ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ನಾನು ಮನೆಗೆ ಹೋದೆ. ಹೇಳಲೆಂದೇ ಹೋದೆ, ಇದನ್ನು ನೀವು ನಂಬಬೇಕು. ಪೇಟಿಗೆ ಹೊದಿಸಿದ ಬಟ್ಟೆ ಹಾಗೆಯೇ ಇತ್ತು.

"ಮಾಸ್ತರ, ಆವತ್ತ ರಿಸಾರ್ಟಿನ್ಯಾಗ ನಿಮ್ಮ ಕಿವಿ ತಪ್ಪಿದ್ದಿಲ್ರಿ..." ಎಂದು ಶುರು ಮಾಡಿದೆ.

ಅವರು ಕೈ ಎತ್ತಿ ತಡೆದರು. "ಸಮಾಧಾನ ಮಾಡಾಕ ಬರಬ್ಯಾಡ. ಸುರ ತಪ್ಪಿದಾಂವ ಪೇಟಿ ಮುಟ್ಟಬಾರದು. ನಿಮಗೆಲ್ಲಾ ಇದನ್ನ ಹೇಳೀನಿ, ನನಗೂ ಅದ. ಇನ್ನ ಮುಂದ ಮಂಡಳಿ ನೀ ನಡಸು."

ನೀ ನಡಸು. ಆ ಮಾತಿಗಾಗಿ ನಾನು ಹನ್ನೊಂದು ವರ್ಷ ಗೆಣ್ಣು ಒಡ್ಡಿದ್ದೆ. ಅವರ ಹೆಂಡತಿ ಮಾಡಿಕೊಟ್ಟ ಚಹಾ ಕುಡಿದು, ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದೆ. ದಾರಿಯಲ್ಲಿ ನನಗೆ ದುಃಖವಾಗಲಿಲ್ಲ, ಖುಷಿಯಾಗಿತ್ತು. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಕೆಲವು ದಿನಗಳ ಮೇಲೆ ಅವರು ಮತ್ತೆ ಬರತೊಡಗಿದರು. ಹಿಂದಿನ ಸಾಲಿನಲ್ಲಿ ಕೂತು ಟಾಳ ಹಾಕುತ್ತಿದ್ದರು. ಹತ್ತಿ ತೆಗೆಯುತ್ತಿರಲಿಲ್ಲ. ಢೋಲಕಿಯವನ ಕೈ ನೋಡಿ ನೋಡಿ ತಾಳ ಹಿಡಿಯುತ್ತಿದ್ದರು. ನಾನು ನುಡಿಸುವಾಗ ತಪ್ಪುತ್ತಿದ್ದೆ, ತಪ್ಪದೇ ಇರುವಷ್ಟು ನಾನು ಎಂದೂ ಕಲಿತವನಲ್ಲ. ಪ್ರತಿ ಸಲವೂ ಅವರ ಹುಬ್ಬು ಗಂಟಿಕ್ಕುತ್ತಿತ್ತು. ಹತ್ತಿಯ ಮೂಲಕವೂ ಆ ಕಿವಿ ಹಿಡಿಯುತ್ತಿತ್ತು. ಆದರೆ ಅವರು ಕೂಡಲೇ ಸುತ್ತ ಕೂತವರ ಮುಖ ನೋಡುತ್ತಿದ್ದರು. ಯಾರ ಮುಖದಲ್ಲೂ ಏನೂ ಇರುತ್ತಿರಲಿಲ್ಲ. ಆಗ ತಲೆ ತಗ್ಗಿಸುತ್ತಿದ್ದರು.

ಒಂದು ಶನಿವಾರ ನಾನು ಬೇಕೆಂದೇ ತಪ್ಪು ನುಡಿಸಿದೆ. ಯಾಕೆಂದು ಕೇಳಬೇಡಿ. ನೋಡೋಣ ಅನ್ನಿಸಿತು. ಅವರ ಕೈ ಚಟ್ಟನೆ ಎದ್ದು ನಿಂತಿತು, ನನ್ನನ್ನು ತಡೆಯುವ ಹಾಗೆ. ಟಾಳ ನಿಂತು ಎಲ್ಲರೂ ತಿರುಗಿದರು.

"ಮಾಸ್ತರ, ತಾಳ ತಪ್ಪಿತಲ್ರಿ" ಅಂದೆ ನಾನು. ಅವರಂತೆಯೇ, ಮೆಲ್ಲಗೆ.

"ಹೌದ್ರಿ, ತಪ್ಪಾತು" ಅಂದರು. ನನಗೆ ರೀ ಹಚ್ಚಿದರು.

ಮುಂದಿನ ವಾರದಿಂದ ಢೋಲಕಿಯವನು ಬರುವುದನ್ನು ಬಿಟ್ಟ. ಬಾಡಿಗೆ ಜಾಸ್ತಿ ಆಗ್ಯಾವ ಅಂದ. ರಸ್ತೆಯಲ್ಲಿ ಕಂಡರೆ ಜೀಪಿನ ಹಾರ್ನು ಸಹ ಹೊಡೆಯಲಿಲ್ಲ.

ಕಳೆದ ಶ್ರಾವಣದಲ್ಲಿ ಮಾಸ್ತರರು ತೀರಿಕೊಂಡರು. ಎದೆನೋವು ಅಂದರಂತೆ, ದವಾಖಾನೆ ಮುಟ್ಟುವುದರೊಳಗೆ ಮುಗಿಯಿತು. ಅಂಗಳದಲ್ಲಿ ಮಲಗಿಸಿದ್ದರು. ಹೆಣಕ್ಕೆ ಇಡುವ ಹತ್ತಿಯನ್ನು ಮೂಗಿಗಷ್ಟೇ ಇಟ್ಟರು, ಕಿವಿಯಲ್ಲಿ ಅವರದೇ ಇತ್ತು. ಭಜನೆ ಮಾಡುತ್ತ ಸ್ಮಶಾನದವರೆಗೆ ಹೋದೆವು. ಮಂಡಳಿಯ ಪೇಟಿಯನ್ನು ಕೊರಳಿಗೆ ಕಟ್ಟಿಕೊಂಡು ನುಡಿಸಿದ್ದು ನಾನು. ಅಂದು ಎಷ್ಟು ಸಲ ತಪ್ಪಿದೆನೋ. ಹುಬ್ಬು ಗಂಟಿಕ್ಕಲು ಯಾರೂ ಇರಲಿಲ್ಲ.

ದಿನಕರ್ಮ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿ ಅವರ ಪೇಟಿಯನ್ನು ನನ್ನ ಮುಂದಿಟ್ಟರು. "ನಿನಗ ಕೊಡಂತ ಹೇಳ್ಯಾರಪಾ. ಅಂವನ ಕಿವಿ ಛಲೋ ಅದ ಅಂತಿದ್ರು" ಅಂದರು. ಮನೆಗೆ ತಂದು ಬಟ್ಟೆ ಸರಿಸಿದೆ. ಪ್ರತಿಯೊಂದು ಮನೆಯ ಮೇಲೂ ಪುಟ್ಟ ಪುಟ್ಟ ಕಾಗದದ ಚೀಟಿ ಅಂಟಿಸಿತ್ತು. ಹೊಸದಾಗಿ ಕಲಿಯುವ ಮಕ್ಕಳಿಗೆ ಅಂಟಿಸುತ್ತಾರಲ್ಲ, ಹಾಗೆ. ಅವರದೇ ಓರೆ ಅಕ್ಷರ: ಬಿಳಿ ಒಂದು, ಕರಿ ಒಂದು, ಬಿಳಿ ಎರಡು. ಮನೆಯಲ್ಲಿ ಯಾರೂ ಇಲ್ಲದಾಗ ತಮ್ಮ ಕಿವಿಯನ್ನು ಪರೀಕ್ಷೆ ಮಾಡುತ್ತಿದ್ದರೆಂದು ಕಾಣುತ್ತದೆ. ಹಾಡುವುದು, ಒತ್ತುವುದು, ಚೀಟಿ ಓದುವುದು. ಆ ಪೇಟಿಯಲ್ಲಿ ಸರಿಸುವ ಗುಂಡಿ ಇರಲಿಲ್ಲ, ಪ್ರತಿ ಸಲವೂ ಸರಿಯೇ ಬಂದಿರಬೇಕು. ಆದರೂ ಅವರು ನಂಬಿದ್ದು ನನ್ನನ್ನು. ಕರಿ ಎರಡರ ಚೀಟಿ ಬೆರಳು ತಗಲಿ ತಗಲಿ ಸವೆದು, ಅಕ್ಷರವೇ ಅಳಿಸಿತ್ತು.

ಚೀಟಿಗಳನ್ನು ಕಿತ್ತಿಲ್ಲ. ಈಗ ಮಂಡಳಿಯಲ್ಲಿ ಅದೇ ಪೇಟಿ. ಹೋದ ಶನಿವಾರ ಹೊಸದಾಗಿ ಸೇರಿದ ಢೋಲಕಿಯವನೊಬ್ಬ ಬಗ್ಗಿ ನೋಡಿ ನಕ್ಕ.

"ಇದೇನ್ರಿ ಬಾಲವಾಡಿ ಪೇಟಿ! ಮಾಸ್ತರಗ ಮನಿ ಗೊತ್ತಾಗತಿದ್ದಿಲ್ಲೇನ್ರಿ?"

ಎಲ್ಲರೂ ನನ್ನ ಮುಖ ನೋಡಿದರು.

"ಕಡೀಕ ಅವರ ಕಿವಿ ಹೋಗಿದ್ದುವು" ಅಂದೆ. ಕರಿ ಎರಡು ಒತ್ತಿ, ಅದನ್ನು ಕೇಳಿ, ಆಮೇಲೆ ದನಿ ಎತ್ತಿದೆ.