ಸಾಸ್ತೂರಿನ ದಿಮ್ಮಿ ಮನೆ ಮತ್ತು ನಾನು ಹೇಳಿದ ಸುಳ್ಳು

ಕಲ್ಲಿನ ಮನೆಗಳನ್ನೆಲ್ಲ ಕೆಡವಿದ ಭೂಕಂಪವಾಗಿ ಇಪ್ಪತ್ತೈದು ವರ್ಷ ಕಳೆದಿದ್ದರೂ ನಮ್ಮ ಉಮರ್ಗಾ ಕಡೆ ಕಲ್ಲಿನ ಗೋಡೆಯೊಳಗೆ ಮಲಗಲು ಹೆದರುವವರಿದ್ದರು. ಆ ಹೆದರಿಕೆಯನ್ನು ನಂಬಿಯೇ, ಸಾ ಮಿಲ್ ನಡೆಸುತ್ತಿದ್ದ ನಾನು ದಿಮ್ಮಿ ಮನೆಗಳ ಕಾರ್ಖಾನೆ ಶುರುಮಾಡಿದೆ. ನೀಲಗಿರಿ ದಿಮ್ಮಿಗಳ ತುದಿಗೆ ಕಚ್ಚು ಕೊರೆದು, ಒಂದರ ಮೇಲೊಂದು ಕೂರಿಸಿ ಗೋಡೆ ಎಬ್ಬಿಸುವ ಮನೆ. ಮೊದಲನೆಯದನ್ನು ಮಿಲ್ಲಿನ ಕಾವಲುಗಾರನಿಗೆ ಕಟ್ಟಿದ್ದೆ. ಅದನ್ನು ನೋಡಿ ಸಾಸ್ತೂರಿನ ನಾಗಮ್ಮ ಗಂಡನೊಡನೆ ಬಂದಳು.

ಕುರಿ ಸಾಕುವ ಮನೆತನ. ಭೂಕಂಪವಾದಾಗ ಚಿಕ್ಕ ಹುಡುಗಿ, ಕುಸಿದ ಮನೆಯ ಮಣ್ಣಿನಡಿ ಇಡೀ ಹಗಲು ಸಿಕ್ಕಿಕೊಂಡಿದ್ದವಳು. ಅಂದಿನಿಂದ ಅಂಗಳದ ತಗಡಿನ ಚಪ್ಪರದ ಕೆಳಗೇ ಮಲಗುತ್ತಿದ್ದಳು.

"ಗೋಡಿ ಹ್ಯಾಂಗರ ಇರ್ಲಿ ರೀ. ಬಾಗಲ ತೆರೀಬೇಕು. ಅಷ್ಟು ಮಾಡಿ ಕೊಡ್ರಿ" ಎಂದಳು.

ದಿಮ್ಮಿ ನೆರಳಿನಲ್ಲಿ ಒಂದು ವರ್ಷವಾದರೂ ಒಣಗಬೇಕು. ಆದರೆ ನಿಲಂಗಾದ ವ್ಯಾಪಾರಿಗಳು ಅವಳ ಮನೆಯನ್ನೇ ಮಾದರಿಯಾಗಿ ನೋಡಲು ಬರುವವರಿದ್ದರು. ನಾನು ಹಸಿ ದಿಮ್ಮಿಯನ್ನೇ ಬಳಸಿದೆ. ಬಡಿಗ ಮಹಾದೇವ ತಡೆದ.

"ಸಾವಕಾರ್ರ, ಒಣಗಿದಂಗ ಗೋಡಿ ಕೆಳಗ ಕುಂದರತದ. ಚೌಕಟ್ಟಿನ ಮ್ಯಾಲ ಮೂರು ಬೆರಳಷ್ಟು ಜಾಗಾ ಬಿಡ್ರಿ. ಇಲ್ಲಾಂದ್ರ ಬಾಗಲ ಹಿಡಿತದ."

"ಆ ಸಂದಿ ನೋಡಿದ್ರ ಮನಿಗಿ ಹಲ್ಲ ಬಿದ್ದಾವ ಅಂತಾರ ಗಿರಾಕಿಗೋಳು. ತುಂಬು" ಎಂದೆ.

ನಾಲ್ಕನೆಯ ತಿಂಗಳು, ಬೇಸಿಗೆಯ ಒಂದು ಮಧ್ಯಾಹ್ನ, ಗೋಡೆಯ ಭಾರ ಚೌಕಟ್ಟಿನ ಮೇಲೆ ಕೂತು ಬಾಗಿಲು ಹಿಡಿಯಿತು. ಒಳಗೆ ನಾಗಮ್ಮ ಒಬ್ಬಳೇ. ಕುರಿ ಮೇಯಿಸಲು ಹೋಗಿದ್ದ ಗಂಡ ಬಂದು ಹಾರೆಯಿಂದ ಮೀಟಿ ತೆಗೆಯುವಷ್ಟರಲ್ಲಿ ಬಾಗಿಲು ಕೆರೆದು ಅವಳ ಉಗುರುಗಳು ಕಿತ್ತುಹೋಗಿದ್ದವು.

ಮರುದಿನ ಹೋದೆ. ನಾಗಮ್ಮ ಅಂಗಳದ ತಗಡಿನ ಕೆಳಗೆ ಮಲಗಿದ್ದಳು. ಗಂಡನನ್ನು ಚಹಾ ತರಲು ಕಳಿಸಿ, ಅವಳಿಗೂ ತಿಳಿಯದಂತೆ ಬಾಗಿಲ ಮೇಲಂಚನ್ನು ರಂದಾ ಹಾಕಿ ಹೆರೆದೆ. ಆಮೇಲೆ ನೆರೆಯವರನ್ನು ಕರೆದು, ಒಂದೇ ಬೆರಳಿನಿಂದ ತೆರೆದು ತೋರಿಸಿದೆ.

"ಬಾಗಲ ಸರಿ ಅದ, ಅಕ್ಕಾರ. ನೀವ ಅಂಜಿ, ಒಳಗ ಎಳಿಯೂದು ಬಿಟ್ಟು ಹೊರಗ ದಬ್ಬಿ ದಬ್ಬಿ ಬಿಗಿ ಕೂಡಿಸೀರಿ."

"ನಾಗವ್ವಗ ಮತ್ತ ಭೂಕಂಪ ಆಗ್ಯಾದ!" ಎಂದು ಯಾರೋ ನಕ್ಕರು. ಚಹಾ ತಂದ ಗಂಡನೂ ಅದನ್ನೇ ನಂಬಿದ. ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು.

ಅದೇ ಮನೆಯನ್ನು ತೋರಿಸಿ ನಿಲಂಗಾ, ಉದಗೀರದಿಂದ ಆರ್ಡರ್ ಹಿಡಿದೆ. ಮುಂದಿನ ಮನೆಗಳಿಗೆಲ್ಲ ಮಹಾದೇವ ಹೇಳಿದಷ್ಟು ಸಂದಿ ಬಿಟ್ಟು, ಮೇಲೆ ಹಲಗೆ ಮುಚ್ಚಿದೆ. ಒಂದು ಬಾಗಿಲೂ ಹಿಡಿಯಲಿಲ್ಲ. ಕಾರ್ಖಾನೆ ಬೆಳೆಯಿತು.

ಕಾರ್ಖಾನೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೆ, ಆ ಸುಳ್ಳು ಹೇಳಿದ ಏಳನೆಯ ವರ್ಷ, ಸಾಸ್ತೂರಿಗೆ ಹೋದೆ. ದಿಮ್ಮಿ ಮನೆಯೊಳಗೆ ಕುರಿಮರಿಗಳಿದ್ದವು. ನಾಗಮ್ಮನ ಹಾಸಿಗೆ ತಗಡಿನ ಕೆಳಗಿತ್ತು. ಹಸಿ ದಿಮ್ಮಿ, ರಂದಾ, ಎಲ್ಲ ಗಂಡ ಹೆಂಡತಿ ಇಬ್ಬರೆದುರೂ ಹೇಳಿದೆ. ಅವಳು ನನ್ನನ್ನು ಬಿಟ್ಟು ಗಂಡನ ಕಡೆ ತಿರುಗಿದಳು.

"ಕೇಳಿದ್ರೇನ್ರಿ? ನನ್ನ ತಲಿ ಕೆಟ್ಟಿದ್ದಿಲ್ಲಂತ."

ಕೆಲಸ ಕೆಟ್ಟರೆ, ಕೆಟ್ಟಿದೆ ಎಂದು ಅಂದೇ ಹೇಳಬೇಕು. ಇಷ್ಟು ಕಲಿಯಲು ನನಗೆ ಏಳು ವರ್ಷ ಹಿಡಿಯಿತು. ಆ ಏಳು ವರ್ಷಗಳು ಅವಳವು.