ನಾಳೆ ಮೇಸ್ತ್ರಿಯ ಅಂಗೈ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗ್ಯಾರೇಜಿನ ಅಂಗಳದಲ್ಲಿ ನಿಂತ ಹಳೇ ಲಾರಿಯ ಬಾನೆಟ್ ಎತ್ತಿ, ಮಕ್ಕಳ ಜ್ವರ ನೋಡುವ ಹಾಗೆ ಮೇಸ್ತ್ರಿ ಇಂಜಿನ್ ಮೇಲೆ ಅಂಗೈ ಇಡುತ್ತಾರೆ. ಹುಬ್ಬು ಗಂಟಾಗುತ್ತದೆ.

"ಯಾರಪ್ಪಾ ಇದಕ್ಕೆ ಬಿಸಿನೀರಿನ ಸ್ನಾನ ಮಾಡಿಸಿದ್ದು?"

ಡ್ರೈವರ್ ಆಕಾಶ ನೋಡುತ್ತಾನೆ. ಲಾರಿಯ ಒಡತಿ, ಅವನ ಸ್ವಂತ ಅಕ್ಕ, ಅವನನ್ನೇ ದುರುಗುಟ್ಟಿ ನೋಡುತ್ತಾಳೆ.

"ನಾಳೆ," ಎಂದವರೇ ಮೇಸ್ತ್ರಿ ಚಹಾ ಕುಡಿಯಲು ಹೊರಟುಬಿಡುತ್ತಾರೆ.

ಸುಮ್ಮನೆ ಬಂದಿಲ್ಲ ಇವರಿಗೆ 'ನಾಳೆ ಮೇಸ್ತ್ರಿ' ಎಂಬ ಅಡ್ಡಹೆಸರು! ಸವೆದ ಇಂಜಿನ್ ರಿಪೇರಿ ಮಾಡಿಸೋದಾ, ಬದಲಿಸೋದಾ ಎಂದು ಕೇಳಿಕೊಂಡು ಬಂದವರಿಗೆ ಆ ದಿನವೇ ಉತ್ತರ ಸಿಕ್ಕಿದ್ದಿಲ್ಲ. ರಾತ್ರಿಯಿಡೀ ಗಾಡಿ ಆರಬೇಕು. ಬೆಳಗಿನ ಮೊದಲ ಸ್ಟಾರ್ಟ್ ಅವರ ಕಣ್ಣೆದುರೇ ಆಗಬೇಕು. ಗಿರಾಕಿಗಳು ಗೊಣಗುತ್ತಾರೆ, ಇವರು ಜಗ್ಗುವುದಿಲ್ಲ.

"ಬಿಸಿ ಇಂಜಿನ್ ಅಂದ್ರೆ ನೆಂಟರ ಮುಂದೆ ಕೂತ ಮಕ್ಕಳಿದ್ದ ಹಾಗೆ, ಭಾರೀ ಒಳ್ಳೇದು," ಎಂದು ತಮ್ಮ ಬಗ್ಗೆ ಬರೆಯಲು ಬಂದಿರುವ ನನ್ನ ಮುಂದೆ ನಗುತ್ತಾರೆ. "ತಣ್ಣಗಿದ್ದಾಗ ಬಣ್ಣ ಬಯಲಾಗುತ್ತೆ. ಪಿಸ್ಟನ್ ಸುತ್ತಿನ ರಿಂಗ್ ಮಾತ್ರ ಸವೆದಿದ್ರೆ ಬೇರೆ ಹಾಕಿ ಕೊಡ್ತೀನಿ. ಸಿಲಿಂಡರ್ ಗೋಡೆನೇ ಸವೆದಿದ್ರೆ ಪಿಸ್ಟನ್ ಕಟಕಟ ಬಡಿಯುತ್ತೆ, ಆಗ ರಿಂಗ್ ಹಾಕಿದ್ರೆ ಸಾಲಲ್ಲ."

ಮೀಸೆ ಚಿಗುರುವ ಮೊದಲೇ ಸ್ಪ್ಯಾನರ್ ಹಿಡಿದವರು. ಈಗ ಲಾರಿ ಕೆಳಗೆ ನುಸುಳುವಾಗ ಸೊಂಟ ಹಿಡಿದುಕೊಳ್ಳುತ್ತಾರೆ. ಒಮ್ಮೆ ಬಿಸಿ ಗಾಡಿ ನೋಡಿ "ಏನೂ ಆಗಿಲ್ಲ, ಹೋಗು" ಅಂದುಬಿಟ್ಟಿದ್ದರಂತೆ. ಅದು ಇಳಿಜಾರಿನಲ್ಲಿ ಕೈಕೊಟ್ಟಿತು. "ಆ ಡ್ರೈವರ್ ಉಳ್ಕೊಂಡ. ನನ್ನ ನಿದ್ದೆ ಮಾತ್ರ ಹೋಯ್ತು," ಎನ್ನುತ್ತಾರೆ.

ಅಕ್ಕ ಮೊದಲೇ ಖಡಾಖಂಡಿತ ಹೇಳಿದ್ದಾಳೆ: ರಿಪೇರಿಯಾದರೆ ಸರಿ, ಇಂಜಿನ್ನೇ ಬದಲಿಸಬೇಕೆಂದರೆ ಲಾರಿ ಮಾರಾಟ. ತಮ್ಮನಿಗೆ ಈ ಸ್ಟೇರಿಂಗ್ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಅದಕ್ಕೇ ಕತ್ತಲಲ್ಲಿ ಬಂದು ಇಂಜಿನ್ ಬಿಸಿ ಮಾಡಿಟ್ಟಿದ್ದ, ಪುಣ್ಯಾತ್ಮ!

ಮರುದಿನ ಇಂಜಿನ್ ತಣ್ಣಗಿದೆ. ಕೀ ತಿರುಗಿಸಿದರೆ ಕೊಸರಾಡಿ, ಕೆಮ್ಮಿ, ಕೊನೆಗೂ ಸ್ಟಾರ್ಟ್ ಆಗುತ್ತದೆ. ನೀಲಿ ಹೊಗೆ. ಜೊತೆಗೆ ಕಟಕಟ ಸದ್ದು, ಅದು ನನಗೂ ಕೇಳಿಸುತ್ತದೆ.

"ಎರಡು ಸಲ ಸಿಲಿಂಡರ್ ಗೋಡೆ ಕೊರೆಸಿ ದೊಡ್ಡ ಪಿಸ್ಟನ್ ಹಾಕಿದ್ದು ನಾನೇ ಕಣಮ್ಮಾ. ಇನ್ನು ಕೊರೆಯೋಕೆ ಅಲ್ಲೇನೂ ಉಳಿದಿಲ್ಲ," ಎನ್ನುತ್ತಾರೆ ಮೇಸ್ತ್ರಿ. "ಇದೇ ಇಂಜಿನ್ ಇಟ್ಟು ನಿಮ್ಮ ತಮ್ಮನ್ನ ರಸ್ತೆಗೆ ಕಳಿಸೋಕೆ ನನ್ನ ಕೈಲಾಗಲ್ಲ. ಬದಲಿಸ್ಲೇಬೇಕು."

ಡ್ರೈವರ್ ಮುಖ ಸಪ್ಪಗಾಗುತ್ತದೆ. ಅಕ್ಕ ಅವನತ್ತ ತಿರುಗುತ್ತಾಳೆ.

"ನಿನ್ನೆ ಎಷ್ಟು ಹೊತ್ತಿಗೆ ಎದ್ದೆಯೋ?"

"ನಿದ್ದೇನೇ ಮಾಡ್ಲಿಲ್ಲ, ಅಕ್ಕಾ."

"ಮುಖಕ್ಕೆ ನೀರೆರಚಿದ್ರೂ ಏಳದವನು ನೀನು!" ಅವಳಿಗೆ ನಗು ಬರುತ್ತದೆ, ಕಣ್ಣೂ ತುಂಬುತ್ತದೆ. "ಬೇರೆ ಇಂಜಿನ್ ಹಾಕಿ ಮೇಸ್ತ್ರಿ. ಗಾಡಿ ಮಾರಲ್ಲ."

ನಿಮಗೇನಾಸೆ ಎಂದು ನಾನು ಮೇಸ್ತ್ರಿಯನ್ನು ಕೇಳುತ್ತೇನೆ. "ಜನ ಗಾಡೀನ ತಣ್ಣಗೆ ತಂದುಕೊಟ್ರೆ ಸಾಕಪ್ಪಾ," ಎನ್ನುತ್ತಾರೆ.

ಡ್ರೈವರ್ ಕಣ್ಣೊರೆಸಿಕೊಂಡು ಹತ್ತಿರ ಬರುತ್ತಾನೆ. "ಕೆಲಸ ಶುರು ನಾಳೆ ತಾನೇ, ಮೇಸ್ತ್ರಿ?"

ಮೇಸ್ತ್ರಿ ಅಂಗಿಯ ತೋಳು ಮಡಚುತ್ತಾರೆ. "ನಾಳೆ ಯಾಕೋ? ಆ ಸ್ಪ್ಯಾನರ್ ಕೊಡು ಇಲ್ಲಿ."