ಬೋಣಿಗೆಯ ಕೈ

ಮೂಡಲಗಿ ಸಂತೆಯಲ್ಲಿ ಹಫ್ತಾ ಎತ್ತುತ್ತಿದ್ದ ಆ ಮನುಷ್ಯ ಯಾರಿಗೂ ಬೈದದ್ದನ್ನು ನಾನು ಕಂಡಿಲ್ಲ. ನನ್ನ ಬಳೆ ಅಂಗಡಿಯ ಮುಂದೆ ನಿಂತು, ಮೀಸೆ ತೀಡುತ್ತ, "ನಾ ಅದೀನಲ್ಲ, ಅಂಜಬ್ಯಾಡ್ರಿ" ಎಂದು ಕೈ ಚಾಚುತ್ತಿದ್ದ. ನಾವು ಅಂಜುತ್ತಿದ್ದದ್ದು ಅವನಿಗೇ. ಕೊಟ್ಟು ಕಳಿಸುತ್ತಿದ್ದೆವು.

ಒಂದು ಮುಂಜಾನೆ ತುಕ್ಕಾನಟ್ಟಿಯ ಹೆಣ್ಣುಮಗಳೊಬ್ಬಳು ನನ್ನ ಪಕ್ಕದಲ್ಲಿ ಹೊಸದಾಗಿ ಮೆಂತ್ಯಪಲ್ಲೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವಳ ಮುಂದೆಯೂ ಆ ಕೈ ಬಂತು.

"ಇನ್ನೂ ಬೋಣಿಗಿ ಆಗಿಲ್ರಿ ಅಣ್ಣಾರ. ಇವತ್ತಿನ ಮೊದಲನೇ ಗಿರಾಕಿ ನೀವ. ಒಂದ್ ಸಿವುಡು ತಗೋರಿ" ಎಂದಳು.

ಮೊದಲು ಬಂದವನು ಕೊಳ್ಳದೆ ಹೋದರೆ ದಿನದ ವ್ಯಾಪಾರವೇ ಕೆಡುತ್ತದೆಂಬುದು ನಮ್ಮ ಸಂತೆಯ ನಂಬಿಕೆ. ಎಲ್ಲರೂ ನೋಡುತ್ತಿದ್ದರು. ಬೋಣಿಗೆ ಕೆಡಿಸಿದವನು ಎನ್ನಿಸಿಕೊಳ್ಳಲು ಕಳ್ಳನೂ ಒಪ್ಪುವುದಿಲ್ಲ. ಚಾಚಿದ ಕೈ ತಿರುಗಿ ತನ್ನ ಕಿಸೆಗೇ ಹೋಯಿತು. ಅವನು ಕೊಟ್ಟ ನೋಟನ್ನು ಆಕೆ ಕಣ್ಣಿಗೊತ್ತಿಕೊಂಡಳು.

ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ. ದೂರದಲ್ಲಿ ಹೋಗುತ್ತಿದ್ದವನನ್ನು ಕೂಗಿ, "ನಿಮ್ಮ ಕೈಗುಣ ಭಾಳ ಛಲೋ ಐತ್ರಿ!" ಎಂದಳು. ಅವನು ಅಂಗೈ ತಿರುಗಿಸಿ ನೋಡಿಕೊಂಡ.

ಮುಂದಿನ ಸಂತೆಗೆ ಅವನು ಬೇಗನೇ ಬಂದ, ಕೈಚೀಲ ಹಿಡಿದು. ನನ್ನ ಮುಂದೆ ನಿಂತ. ಮೀಸೆ ಮುಟ್ಟಲಿಲ್ಲ.

"ನಿಮ್ದು ಬೋಣಿಗಿ ಆತೇನ್ರಿ?"

ಆಗಲೇ ಒಂದು ಡಜನ್ ಬಳೆ ಮಾರಿದ್ದೆ.

"ಇಲ್ರಿ," ಎಂದೆ, "ನೀವ ಮಾಡ್ರಿ."